ಭಾಗಾಕಾರ ಬಾರದ ಕಂಪ್ಯೂಟರಿನ ಮೇಡಂ

ನಿಮ್ಮಲ್ಲಿ ಯಾರಾದರೂ ಕಂಪ್ಯೂಟರ್ ಲೆಕ್ಕ ತಪ್ಪಿದ್ದನ್ನು ಕಣ್ಣಾರೆ ನೋಡಿದ್ದೀರಾ? ಹ್ಯಾಂಗ್ ಆಗಿದ್ದಲ್ಲ, ವೈರಸ್ ಬಂದಿದ್ದಲ್ಲ. ನೀವೇ ತಪ್ಪು ನಂಬರ್ ಒತ್ತಿ ಆಮೇಲೆ ಅದರ ತಲೆಗೆ ಕಟ್ಟಿದ್ದಂತೂ ಅಲ್ಲವೇ ಅಲ್ಲ. ನೀವು ಸರಿಯಾದ ಲೆಕ್ಕ ಕೊಟ್ಟಿದ್ದೀರಿ, ಅದು ಒಂದು ಚೂರೂ ಅಳುಕದೆ ತಪ್ಪು ಉತ್ತರ ಕೊಟ್ಟಿದೆ. ಅಂಥದ್ದು. ನಾನು ನೋಡಿದ್ದೇನೆ. ಹೊಸಪೇಟೆಯಲ್ಲಿ, ಪಂಪ್‌ಸೆಟ್ ಅಂಗಡಿಯ ಮೇಲಿನ ಮಹಡಿಯಲ್ಲಿ, ಹಾಡುಹಗಲೇ.

ಅದನ್ನು ತೋರಿಸಿದವರು ಹೋದ ವಾರ ತೀರಿಕೊಂಡರು. ಹಳೇ ವಿದ್ಯಾರ್ಥಿಗಳ ಗ್ರೂಪಿನಲ್ಲಿ ಸುದ್ದಿ ಬಂತು. ಎಲ್ಲರೂ ಕೈ ಮುಗಿದ ಚಿತ್ರ ಹಾಕಿದರು. ಕಂಪ್ಲಿಯ ಒಬ್ಬ ಮಾತ್ರ, "ಯಾರು, ನಮ್ಮ ಭಾಗಾಕಾರ ಮೇಡಮ್ಮೋರಾ?" ಅಂತ ಬರೆದ. ಗ್ರೂಪಿನ ಚಿಕ್ಕವರಿಗೆ ಅರ್ಥ ಆಗಲಿಲ್ಲ. ಮೇಡಂ ಕಲಿಸುತ್ತಿದ್ದುದು ಕಂಪ್ಯೂಟರ್ ಅಲ್ಲವಾ, ಭಾಗಾಕಾರ ಎಲ್ಲಿಂದ ಬಂತು ಅಂತ ಕೇಳಿದರು. ಗ್ರೂಪಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಹಾಕುವುದಿಲ್ಲ. ಹಾಕಿದ್ದರೆ, "ನನ್ನನ್ನ ಕೇಳಿ ಹಾಕಿದ್ಯೇನವಾ?" ಅಂತ ಕೇಳುತ್ತಿದ್ದ ಹೆಂಗಸು ಅವರು.

ಅದಿರಿನ ಲಾರಿಗಳು ಸಂಡೂರಿನಿಂದ ಸಾಲುಗಟ್ಟಿ ಇಳಿಯುತ್ತಿದ್ದ ಕಾಲ ಅದು. ಲಾರಿ ತೂಗುವ ವೇಬ್ರಿಡ್ಜಿಗೆ, ಟ್ರಾನ್ಸ್‌ಪೋರ್ಟ್ ಆಫೀಸಿಗೆ, ಹೋಟೆಲಿಗೆ, ಎಲ್ಲರಿಗೂ ಕಂಪ್ಯೂಟರ್ ಗೊತ್ತಿರುವವರು ಬೇಕಾಗಿತ್ತು. ಮೇಡಂ ಅಷ್ಟರಲ್ಲಿ ಕಾಲೇಜಿನ ಗಣಿತದ ಕೆಲಸ ಬಿಟ್ಟು ಸ್ವಂತ ಕಂಪ್ಯೂಟರ್ ಕ್ಲಾಸ್ ತೆಗೆದಿದ್ದರು. ನಾನು ಅವರ ಹತ್ತಿರ ಅಕೌಂಟ್ಸ್ ಬ್ಯಾಚಿಗೆ ಪಾಠ ಮಾಡುತ್ತಿದ್ದೆ.

ದಪ್ಪ ಚಷ್ಮಾ, ಇಳಕಲ್ ಸೀರೆ, ಕೈಯಲ್ಲಿ ಯಾವಾಗಲೂ ಒಂದು ಹಳೇ ವಾಯಲ್ ಬಟ್ಟೆಯ ತುಂಡು. ಕಿಟಕಿ ಎಷ್ಟೇ ಮುಚ್ಚಿದರೂ ಕೆಂಪು ಧೂಳು ಬಂದು ಕೀಬೋರ್ಡಿನ ಮೇಲೆ ಕೂರುತ್ತಿತ್ತು. ಮಾತಾಡುತ್ತಾ ಒರೆಸುವರು, ಬೈಯುತ್ತಾ ಒರೆಸುವರು. ಒಗ್ಗರಣೆ ಮಂಡಕ್ಕಿಯನ್ನು ಚಮಚದಲ್ಲಿ ತಿನ್ನುತ್ತಿದ್ದರು, ಮಿರ್ಚಿಯನ್ನೂ ಚಮಚದಲ್ಲೇ ಕತ್ತರಿಸಿ ತಿನ್ನುತ್ತಿದ್ದರು. ನೋಡುವುದಕ್ಕೆ ಹಿಂಸೆ. "ಎಣ್ಣಿ ಕೈಲೆ ಕೀ ಒತ್ತಿದ್ರ ನಾಳೆ ಅಲ್ಲಿ ಇರುವಿ ಬರ್ತಾವ" ಅನ್ನುವರು. ಎಸಿ ಇದ್ದದ್ದು ಕಂಪ್ಯೂಟರ್ ಕೋಣೆಗೆ ಮಾತ್ರ. ನಮಗೆ ಫ್ಯಾನು, ಅದೂ ಕರೆಂಟ್ ಇದ್ದರೆ.

ಊರಿನವರೆಲ್ಲ ಇಡೀ ಡಬ್ಬಕ್ಕೇ ಸಿಪಿಯು ಅನ್ನುತ್ತಾರಲ್ಲ, ಅದು ಅವರಿಗೆ ಆಗುತ್ತಿರಲಿಲ್ಲ. "ಡಬ್ಬಿಗೆ ಡಬ್ಬಿ ಅನ್ರಿ. ಸಿಪಿಯು ಅಂದ್ರ ಒಳಗಿರೋ ಬಿಸ್ಕೀಟಿನಷ್ಟು ಚಿಪ್ಪು. ಮನಿಗೆ ಹೋಗಿ ಗೋಡಿ ನೋಡಿ 'ಯಜಮಾನ್ರ, ಹ್ಯಾಂಗದೀರಿ' ಅಂತೀರೇನು?"

ಯಾವುದನ್ನೂ ಹಾಗೇ ನಂಬುವ ಜಾತಿ ಅಲ್ಲ. ಒಮ್ಮೆ ಇಡೀ ಬ್ಯಾಚನ್ನು ಹಂಪಿಗೆ ಕರೆದುಕೊಂಡು ಹೋಗಿದ್ದರು. ವಿರೂಪಾಕ್ಷ ಗುಡಿಯ ಹಿಂದೆ ಗೋಪುರದ ನೆರಳು ತಲೆಕೆಳಗಾಗಿ ಗೋಡೆಯ ಮೇಲೆ ಬೀಳುತ್ತದಲ್ಲ, ಅದನ್ನು ಗೈಡ್ ಒಬ್ಬ ಪವಾಡದ ಹಾಗೆ ವರ್ಣಿಸುತ್ತಿದ್ದ. ಎದುರಿಗೆ ನಾಲ್ಕೈದು ವಿದೇಶಿಯರು ಬಾಯಿ ಬಿಟ್ಟುಕೊಂಡು ನಿಂತಿದ್ದರು. ಮೇಡಂ ಹೋಗಿ ಬೆಳಕು ಬರುವ ಕಿಂಡಿಗೆ ಅಂಗೈ ಅಡ್ಡ ಇಟ್ಟರು. ಗೋಪುರ ಮಾಯ.

"ಏ ಮೇಡಮ್ಮೋರ, ಕೈ ತಗೀರಿ. ಫಾರಿನ್‌ನೋರು ನೋಡಾಕತ್ಯಾರ."

"ನಾನೂ ನೋಡಾಕತ್ತೀನಪಾ. ತೂತು ಮುಚ್ಚಿದ್ರ ಗೋಪುರ ಎಲ್ಲಿಗೆ ಹೋಗ್ತೈತಿ ಅಂತ."

ಗೈಡ್ ಗೊಣಗಿದ. ವಿದೇಶಿಯರು ಸರದಿಯಲ್ಲಿ ನಿಂತು ತಾವೂ ಅಂಗೈ ಇಟ್ಟು ನೋಡಿದರು.

ಸೋಲು ಒಪ್ಪುವವರೂ ಅಲ್ಲ. ಕೇರಂನಲ್ಲಿ ಸೋತರೆ ಬೋರ್ಡ್ ಸಮ ಇಲ್ಲ ಅನ್ನುವರು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಮುಂದೆ ನಡೆದದ್ದರ ತೂಕ ಇದು ಗೊತ್ತಿಲ್ಲದಿದ್ದರೆ ತಿಳಿಯುವುದಿಲ್ಲ.

ಮೇಡಂಗೆ ರದ್ದಿ ಅಂಗಡಿಯಿಂದ ಹಳೇ ಕಂಪ್ಯೂಟರ್ ಪತ್ರಿಕೆಗಳನ್ನು ತಂದು ಓದುವ ಚಟ. ಹಾಗೆ ತಂದ ಒಂದರಲ್ಲಿ ತೊಂಬತ್ತರ ದಶಕದ ಒಂದು ಸುದ್ದಿ ಸಿಕ್ಕಿತು. ಒಂದು ದೊಡ್ಡ ಕಂಪನಿಯ ಪ್ರೊಸೆಸರಿನಲ್ಲಿ ಹುಟ್ಟುದೋಷ ಇತ್ತಂತೆ. ಚಿಪ್ಪಿನ ಒಳಗೆ ಭಾಗಾಕಾರಕ್ಕೆ ಅಂತ ಮಗ್ಗಿಯ ಥರದ್ದು ಒಂದು ಕೆತ್ತಿರುತ್ತಾರೆ, ಅದರ ಕೆಲವು ಮನೆಗಳು ಖಾಲಿ ಉಳಿದುಬಿಟ್ಟಿದ್ದವು. ನಾವು ಚಿಕ್ಕವರಿದ್ದಾಗ ಹದಿಮೂರರ ಮಗ್ಗಿ ಹೇಳುವಾಗ ನಡುವೆ ಒಂದು ಸಾಲು ನುಂಗಿ ಮುಂದೆ ಓಡುತ್ತಿದ್ದೆವಲ್ಲ, ಹಾಗೆ. ಆ ಖಾಲಿ ಮನೆಗೆ ಹೋಗಬೇಕಾದ ಲೆಕ್ಕ ಬಂದರೆ ಮಾತ್ರ ಉತ್ತರ ತಪ್ಪುತ್ತದೆ, ಇಲ್ಲದಿದ್ದರೆ ಇಲ್ಲ. ಸಾಮಾನ್ಯ ಬಳಕೆದಾರರಿಗೆ ಸಾವಿರಾರು ವರ್ಷಕ್ಕೊಮ್ಮೆ ಹೀಗಾದೀತು ಅಂತ ಕಂಪನಿ ಮೊದಲು ಹೇಳಿತ್ತಂತೆ. ಜನ ಉಗಿದ ಮೇಲೆ ಚಿಪ್ ಬದಲಾಯಿಸಿ ಕೊಟ್ಟಿತಂತೆ.

"ಸಾವಿರ ವರ್ಷಕ್ಕೊಮ್ಮೆ ಅಂದ್ರ ಅದು ಇವತ್ತ ಆಗಬಾರ್ದು ಅಂತ ಎಲ್ಲೈತಿ?" ಅಂದರು ಮೇಡಂ. ಪತ್ರಿಕೆಯಲ್ಲಿ ಪರೀಕ್ಷೆ ಮಾಡುವ ಲೆಕ್ಕವೂ ಇತ್ತು. ಒಂದು ದೊಡ್ಡ ಸಂಖ್ಯೆಯನ್ನು ಇನ್ನೊಂದರಿಂದ ಭಾಗಿಸು, ಬಂದದ್ದನ್ನು ಆ ಭಾಗಿಸಿದ ಸಂಖ್ಯೆಯಿಂದಲೇ ಗುಣಿಸು, ಮೊದಲಿನ ಸಂಖ್ಯೆಯಿಂದ ಕಳೆ. ಸೊನ್ನೆ ಬರಬೇಕು. ಒಂದೊಂದೇ ಕಂಪ್ಯೂಟರಿನ ಮುಂದೆ ಕೂತು ಮಾಡುತ್ತಾ ಹೋದರು. ಸೊನ್ನೆ, ಸೊನ್ನೆ, ಸೊನ್ನೆ. ಕೊನೆಗೆ ಮೂಲೆಯಲ್ಲಿದ್ದ ಹಳೆಯದು. ಯಾವುದೋ ಆಫೀಸು ಮಾರಿದ ಸೆಕೆಂಡ್ ಹ್ಯಾಂಡ್ ಮಾಲು, ಪ್ರಿಂಟರ್ ಅದಕ್ಕೇ ಹಚ್ಚಿದ್ದೆವು. ಅದು ಸೊನ್ನೆ ಕೊಡಬೇಕಾದಲ್ಲಿ ಇನ್ನೂರ ಐವತ್ತಾರು ಕೊಟ್ಟಿತು.

ಬೇರೆಯವರಾದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಇವರ ಮುಖ ನೋಡಬೇಕಿತ್ತು. ಲಾಟರಿ ಹೊಡೆದ ಹಾಗೆ.

"ನೋಡವಾ, ನಮ್ಮನಿಯಾಗ ಒಂದು ಹುಟ್ಟೈತಿ. ನಾಚಿಕಿಲ್ದಂಗ ಸುಳ್ಳು ಹೇಳ್ತೈತಿ. ತಡವರ್ಸೋದಿಲ್ಲ, ಬೆವರೋದಿಲ್ಲ."

"ಬದಲಾಯಿಸೋಣೇನ್ರಿ ಮೇಡಂ?"

"ಯಾಕ? ಸರಿ ಉತ್ತರ ಹೇಳೋ ಕಂಪ್ಯೂಟರ್ ಊರು ತುಂಬ ಅದಾವು. ಇದು ಎಲ್ಲಿ ಸಿಗ್ತೈತಿ?"

ಅವತ್ತಿಂದ ಹೊಸ ಬ್ಯಾಚಿನ ಮೊದಲ ಪಾಠ ಆ ಮೂಲೆಯಲ್ಲೇ. ಮಕ್ಕಳು ಕಾಗದದಲ್ಲಿ ಭಾಗಿಸಬೇಕು, ಆಮೇಲೆ ಕಂಪ್ಯೂಟರಿನ ಉತ್ತರದ ಜೊತೆ ತಾಳೆ ನೋಡಬೇಕು. ಕಂಪ್ಯೂಟರ್ ತಪ್ಪು ಅಂತ ತಿಳಿದಾಗ ಅವರ ಮುಖದಲ್ಲಿ ಬರುತ್ತಿದ್ದ ಕಳೆ ನಾನು ಮರೆತಿಲ್ಲ. ಕಂಪ್ಯೂಟರ್ ಅಂದರೆ ಹಿಂದೆ ಸರಿಯುತ್ತಿದ್ದ ಹೆಣ್ಣುಮಕ್ಕಳು ಆಮೇಲೆ ಧೈರ್ಯವಾಗಿ ಕೀ ಕುಟ್ಟುತ್ತಿದ್ದರು.

ಆದರೆ ಮಕ್ಕಳು ಮನೆಗೆ ಹೋಗಿ ಹೇಳಿದರು. ಮನೆಯವರು ಬಸ್ ಸ್ಟ್ಯಾಂಡಿನಲ್ಲಿ ಹೇಳಿದರು. ಚಹಾದ ಅಂಗಡಿ ದಾಟುವಷ್ಟರಲ್ಲಿ ಖಾಲಿ ಮನೆ, ಮಗ್ಗಿ, ಸಾವಿರ ವರ್ಷ ಎಲ್ಲ ಉದುರಿಹೋಗಿ ಒಂದೇ ಮಾತು ಉಳಿದಿತ್ತು: ಆ ಕ್ಲಾಸಿನ ಕಂಪ್ಯೂಟರಿಗೆ ಭಾಗಾಕಾರ ಬರುವುದಿಲ್ಲ.

ಒಬ್ಬರು ತಾಯಿ ಬಂದರು. "ನಮ್ಮ ಹುಡುಗಿನ್ನ ಭಾಗಾಕಾರ ಬರೋ ಕಂಪ್ಯೂಟರ್ ಮುಂದ ಕುಂದ್ರಸ್ರಿ. ಅಕಿಗೆ ಮೊದ್ಲ ಲೆಕ್ಕ ಬರಂಗಿಲ್ಲ, ಎರಡೂ ಕೂಡಿದ್ರ ಕೆಟ್ಟೋಗ್ತಾಳ." ಕೆಳಗಿನ ಪಂಪ್‌ಸೆಟ್ ಅಂಗಡಿಯವರು ಒಳ್ಳೆಯ ಮನಸ್ಸಿನಿಂದಲೇ, "ಮೇಡಮ್ಮೋರ, ಸಿಪಿಯು ಕೆಟ್ಟೈತಂತ. ಹೊಸಾ ಡಬ್ಬಿ ಹಾಕಿಬಿಡ್ರಿ, ಕಪ್ಪು ಬಣ್ಣದ್ದು ಮಸ್ತ್ ಬಂದಾವು" ಅಂದರು. ಮೇಡಂ ಕಣ್ಣು ಮುಚ್ಚಿ ಉಸಿರು ಬಿಟ್ಟರು.

ನಗು ಹೆಚ್ಚು ದಿನ ಉಳಿಯಲಿಲ್ಲ. ಕುರ್ಚಿಗಳು ಖಾಲಿಯಾಗುತ್ತಾ ಬಂದವು. ಆಗ ಉಳಿದಿದ್ದ ಆಸೆ ಒಂದೇ. ಸಂಡೂರಿನ ಕಡೆಯ ಒಂದು ಗಣಿ ಕಂಪನಿ ತನ್ನ ಆಫೀಸಿನವರನ್ನೆಲ್ಲ ನಮ್ಮಲ್ಲಿ ಕಲಿಯಲು ಕಳಿಸುವ ಮಾತಾಡಿತ್ತು. ಅದು ಬಂದರೆ ಕ್ಲಾಸ್ ಉಳಿಯುತ್ತದೆ, ಬರದಿದ್ದರೆ ಬಾಗಿಲು ಹಾಕಬೇಕು. ಆ ಕಂಪನಿಯ ಮ್ಯಾನೇಜರ್ ಫೋನ್ ಮಾಡಿದರು. ಪಾಠಕ್ಕೆ ಏನು ಬೇಕಾದರೂ ತೋರಿಸಿ, ಅದರ ಬಗ್ಗೆ ನನ್ನದೇನೂ ಇಲ್ಲ, ಆದರೆ ನಿಮ್ಮ ಕಂಪ್ಯೂಟರಿನಿಂದ ಹೊರಗಿನವರಿಗೆ ತಪ್ಪು ಲೆಕ್ಕ ಹೋಗಿದೆಯಾ, ಇಲ್ಲವಾ, ಅದನ್ನು ಹೇಳಿ ಅಂದರು. ಮೇಡಂ ಎದೆ ಸೆಟೆಸಿ ಹೇಳಿದರು: "ಒಂದೂ ಹೋಗಿಲ್ರಿ. ಹೋಗೇತಿ ಅಂತ ಯಾರನ್ನಾರ ತೋರಿಸ್ರಿ ನೋಡೋಣು."

ಆ ಮಾತಿನ ಬಿಸಿ ಆರುವ ಮೊದಲೇ ಕಂಪ್ಲಿ ಹತ್ತಿರದ ಮೆಟ್ರಿಯಿಂದ ಮೂವರು ಅಣ್ಣತಮ್ಮಂದಿರು ಮೆಟ್ಟಿಲು ಹತ್ತಿ ಬಂದರು.

ಇವರ ಪರಿಚಯ ಹೇಳಬೇಕು. ಕೆಲವು ತಿಂಗಳ ಹಿಂದೆ ತಂದೆಯ ಹತ್ತು ಎಕರೆ ಗದ್ದೆಯನ್ನು ಭಾಗ ಮಾಡಿಕೊಳ್ಳುವಾಗ ಮೇಡಂ ಹತ್ತಿರ ಬಂದಿದ್ದರು. ಕಂಪ್ಯೂಟರ್ ಭಾಗ ಅಂದರೆ ಊರಲ್ಲಿ ಯಾರೂ ತಕರಾರು ತೆಗೆಯುವುದಿಲ್ಲ ಅನ್ನುವ ನಂಬಿಕೆ. ಮೇಡಂ ಮಕ್ಕಳಿಗೆ ನಿಜವಾದ ಲೆಕ್ಕ ಸಿಕ್ಕಿತು ಅಂತ ಖುಷಿಯಿಂದ ಮಾಡಿಕೊಟ್ಟಿದ್ದರು. ನಮ್ಮ ಕಡೆ ಎಕರೆಗೆ ನೂರು ಸೆಂಟ್. ಮೂವರಿಗೂ ಮೂರು ಎಕರೆ ಮೂವತ್ತಮೂರು ಸೆಂಟ್ ಬಂದು ಒಂದು ಸೆಂಟ್ ಉಳಿದಿತ್ತು. ಅದನ್ನು ಹೊಲದಲ್ಲಿದ್ದ ಎಲ್ಲಮ್ಮನ ಕಟ್ಟೆಗೆ ಬಿಟ್ಟಿದ್ದರು. ಪ್ರಿಂಟ್ ಹೊರಟದ್ದು ಪ್ರಿಂಟರ್ ಹಚ್ಚಿದ್ದ ಅದೇ ಮೂಲೆಯ ಕಂಪ್ಯೂಟರಿನಿಂದ.

ಈಗ ಕಿರಿಯವನು ವಿರುಪಣ್ಣ ಆ ಪ್ರಿಂಟನ್ನು ಮೇಜಿನ ಮೇಲಿಟ್ಟ. "ಮೇಡಮ್ಮೋರ, ನಿಮ್ಮ ಕಂಪ್ಯೂಟರಿಗೆ ಭಾಗ ಬರಂಗಿಲ್ಲಂತ. ಊರೆಲ್ಲ ಹೇಳಾಕತ್ತೈತಿ. ನಮ್ಮ ಭಾಗ ತಪ್ಪೈತಿ, ಮುರ್ದು ಮಾಡ್ರಿ."

ಭಾಗಾಕಾರ ಹೋಗಿ ಭಾಗ ಆಗಿತ್ತು. ಕನ್ನಡವೇ ಹಾಗೆ, ಏನು ಮಾಡುತ್ತೀರಿ.

"ತಪ್ಪಿಲ್ಲಪಾ," ಅಂದರು ಮೇಡಂ.

"ತಪ್ಪಿಲ್ದಿದ್ರ ಒಂದು ಸೆಂಟ್ ಹೆಂಗ ಉಳೀತ್ರಿ? ಸರಿಯಾಗಿ ಮೂರು ಪಾಲು ಮಾಡಿದ್ರ ಏನೂ ಉಳೀಬಾರ್ದು."

ಅದು ಶೇಷ, ತಪ್ಪಲ್ಲ ಅಂತ ಮೇಡಂ ಹತ್ತು ಬೆಂಡೆಕಾಯಿಯ ಉದಾಹರಣೆ ಕೊಟ್ಟರು. ಮೂರರಿಂದ ಭಾಗಿಸಿದರೆ ಈ ಚಿಪ್ಪಿನ ದೋಷ ಬರುವುದೇ ಇಲ್ಲ ಅಂದರು. ಪಕ್ಕದ ಕಂಪ್ಯೂಟರಿನಲ್ಲೂ ಮಾಡಿ ತೋರಿಸಿದರು, ಅದೇ ಉತ್ತರ. ಆಮೇಲೆ ಸುಮ್ಮನಿರಬೇಕಿತ್ತು. ಇವರ ಪ್ರಾಮಾಣಿಕತೆಗೆ ಬೇಲಿ ಇಲ್ಲ ನೋಡಿ, "ಬರಂಗಿಲ್ಲ, ಬಂದೈತಿ ಅಂತ ಇಟ್ಕೋ. ಭಾಳ ಅಂದ್ರ ಒಬ್ಬ ಮನಷ್ಯಾ ಚಕ್ಕಳಮಕ್ಕಳ ಹಾಕ್ಕೊಂಡು ಕುಂದ್ರೋವಷ್ಟು ಜಾಗ ಆಚೀಚಿ ಆಗತಿತ್ತು. ನಿಮ್ಮ ಬದುವ ಅದಕ್ಕಿಂತ ದೊಡ್ಡದೈತಿ" ಅಂದರು.

"ಕುಂದ್ರೋ ಜಾಗ ಅಂದ್ರ ಸಣ್ಣದೇನ್ರಿ?" ಅಂದ ವಿರುಪಣ್ಣ.

ಮೇಡಂ ಬಟ್ಟೆಯ ತುಂಡು ಕೆಳಗಿಟ್ಟರು. ಅವನನ್ನೇ ನೋಡಿದರು. "ಭಾಗ ಆದಾಗ ನೀ ಸುಮ್ನ ಇದ್ದಿ. ಇಷ್ಟು ದಿನ ಸುಮ್ನ ಇದ್ದಿ. ಈಗ್ಯಾಕ ಬಂದಿ?"

ಅದಕ್ಕೆ ಉತ್ತರ ಹೇಳಿದ್ದು ನಡುವಿನವನು. ಅದಿರು ಲಾರಿ ಓಡಿಸುವವನು, ಅಲ್ಲಿಯವರೆಗೆ ಎಸಿ ಮುಂದೆ ಕಾಲರ್ ಬಿಚ್ಚಿಕೊಂಡು ನಿಂತಿದ್ದ. "ಅವ್ನ ಹೊಲಕ್ಕ ನೀರು ಬರಂಗಿಲ್ರಿ. ಕಾಲವಿ ಇರೋದು ಅಣ್ಣನ ಪಾಲಿಗೆ ಹಚ್ಚಿ. ಅಣ್ಣಂದು ತುಂಬಿ, ನಂದು ತುಂಬಿ, ಉಳಿದಿದ್ರ ಇವಂಗ. ನಾ ಅಂತೂ ನನ್ನ ಪಾಲು ಬ್ಯಾರೆಯವ್ರಿಗೆ ಉಳಾಕ ಕೋರು ಕೊಟ್ಟೀನಿ, ನಂಗೇನು."

ಹಿರಿಯ ಬಸಣ್ಣ ತಟ್ಟನೆ ತಿರುಗಿದ. "ಅಂದ್ರ ನಾ ಮೋಸ ಮಾಡೀನೇನಲೇ?"

"ಹಂಗ್ಯಾರು ಅಂದ್ರು?"

"ಅಂದಂಗ ಆತಲ್ಲ."

ಕೀ ಕುಟ್ಟುತ್ತಿದ್ದ ಹುಡುಗಿಯರು ಕುಟ್ಟುವುದನ್ನು ನಿಲ್ಲಿಸಿದ್ದರು. ಬಸಣ್ಣ ಕೆಟ್ಟವನಲ್ಲ, ನೋಡಿದರೆ ಗೊತ್ತಾಗುತ್ತಿತ್ತು. ಅವನಿಗೂ ಒಳಗೊಳಗೆ ಇರುಸುಮುರುಸು ಇತ್ತು. ಹೆಗಲ ಮೇಲಿನ ಟವೆಲ್ ತೆಗೆದು ಕುತ್ತಿಗೆ ಒರೆಸಿಕೊಂಡ. ಆಮೇಲೆ ತಮ್ಮನನ್ನು ನೋಡದೆ ಮೇಡಂ ಕಡೆ ತಿರುಗಿ ನಿಧಾನವಾಗಿ ಹೇಳಿದ.

"ಐದು ಮಂದಿ ಹಿರಿಯರ ಮುಂದ ಆದ ಭಾಗ್ರಿ ಇದು. ಈಗ ನಾನ ಹೋಗಿ ಸರಿಯಿಲ್ಲ ಅಂದ್ರ ಅವ್ರಿಗೂ ಅಂದಂಗ, ನನ್ನ ಮಾರಿಗೂ ನಾ ಉಗುಳ್ಕೊಂಡಂಗ. ಇವ ಅಂದ್ರ ಅಣ್ಣಗ ತಿರುಗಿ ಬಿದ್ದ ಅಂತಾರ. ಆದ್ರ ಕಂಪ್ಯೂಟರ್ ತಪ್ಪಿತ್ತು ಅಂದ್ರ ಬ್ಯಾರೆ ಮಾತ್ರಿ. ಆಗ ಯಾರ್ದೂ ತಪ್ಪಲ್ಲ." ಟವೆಲ್ ಮತ್ತೆ ಹೆಗಲಿಗೆ ಹಾಕಿಕೊಂಡು, "ತಪ್ಪೈತಲ್ರಿ ಮೇಡಮ್ಮೋರ?"

ಅವನು ಏನು ಕೇಳುತ್ತಿದ್ದಾನೆ ಅಂತ ಮೇಡಂಗೆ ಗೊತ್ತಾಯಿತು. ನನಗೂ ಆಯಿತು. ಹೌದು ಅಂದರೆ ಸಂಜೆಯ ಕಂಪ್ಲಿ ಬಸ್ಸಿನಲ್ಲಿ ಸುದ್ದಿ ಹೋಗುತ್ತದೆ, ನಾಳೆ ಸಂಡೂರು ಮುಟ್ಟುತ್ತದೆ. ಒಂದೂ ಹೋಗಿಲ್ಲ ಅಂತ ಮ್ಯಾನೇಜರಿಗೆ ಹೇಳಿದ ಮಾತು ಸುಳ್ಳಾಗುತ್ತದೆ, ಬ್ಯಾಚ್ ಬರುವುದಿಲ್ಲ. ಅಲ್ಲ ಅಂದರೆ ಈ ಮೂವರು ಕೆಳಗಿಳಿದು ಮೂರು ದಾರಿ ಹಿಡಿಯುತ್ತಾರೆ. ಮೇಡಂ ಆ ಮೂಲೆಯ ಕಂಪ್ಯೂಟರನ್ನು ನೋಡಿದರು. ನಾನು ಬೇಡ ಅಂತ ತಲೆ ಆಡಿಸಿದೆ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಹೌದ್ರಿ," ಅಂದರು. "ನನ್ನ ಕಂಪ್ಯೂಟರಿಗೆ ಭಾಗ ಬರಂಗಿಲ್ಲ. ನಿಮ್ದು ತಪ್ಪೈತಿ. ಕುಂದ್ರಿ, ಮತ್ತ ಮಾಡೋಣು."

ಆಮೇಲೆ ನಡೆದದ್ದು ತಮಾಷೆ. ಮೇಡಂ ಪ್ರಿಂಟಿನ ಹಿಂದೆ ಗದ್ದೆಯ ಚಿತ್ರ ಬರೆದರು. ಮೊದಲು ಹಿರಿಯರು ಕಾಲುವೆಗೆ ಸಮಾನಾಂತರವಾಗಿ, ಒಂದರ ಹಿಂದೆ ಒಂದು ಬರುವ ಹಾಗೆ ಗೆರೆ ಎಳೆದು ಮೂರು ಪಾಲು ಮಾಡಿದ್ದರು. ಈಗ ಕಾಲುವೆಯಿಂದ ಹಿಂದಿನ ಬದುವಿನ ತನಕ ಉದ್ದಕ್ಕೆ ಗೆರೆ ಎಳೆದರು. ಮೂರು ಪಾಲೂ ಕಾಲುವೆಗೆ ಬಾಯಿ ಹಚ್ಚಿ ನಿಂತವು. ಬೇರೆ ಕಂಪ್ಯೂಟರಿಗೆ ಪ್ರಿಂಟರ್ ಹಚ್ಚಿ ಹೊಸ ಪ್ರಿಂಟ್ ತೆಗೆದರು. ವಿರುಪಣ್ಣ ಅದನ್ನು ಹಿಡಿದು ಹುಬ್ಬು ಗಂಟಿಕ್ಕಿದ.

"ಮೇಡಮ್ಮೋರ, ನಂಬರ್ ಮೊದ್ಲಿಂದ ಅದಾವಲ್ರಿ? ಮೂರು ಎಕರೆ ಮೂವತ್ತಮೂರು. ಒಂದು ಸೆಂಟ್ ಮತ್ತ ಉಳದೈತಿ."

ಬಸಣ್ಣ ಅವನ ಕೈಯಿಂದ ಕಾಗದ ಕಿತ್ತುಕೊಂಡು ಮಡಚಿದ. "ಸುಮ್ನಿರಲೇ. ಇದು ಭಾಗ ಬರೋ ಕಂಪ್ಯೂಟರಿಂದು. ಆ ಸೆಂಟ್ ಎಲ್ಲಮ್ಮಂದು, ಅಕಿಗೆ ಬಿಡು."

ಮೂವರೂ ಒಟ್ಟಿಗೆ ಇಳಿದು ಹೋದರು. ಕೆಳಗೆ ನಡುವಿನವನು, "ಚಾ ಕುಡಿಯೋಣ ಬರ್ರಲೇ" ಅಂದದ್ದು ಮೇಲಕ್ಕೂ ಕೇಳಿಸಿತು.

ಗಣಿ ಕಂಪನಿಯವರ ಬ್ಯಾಚ್ ಬರಲಿಲ್ಲ. ಮ್ಯಾನೇಜರ್ ಫೋನ್ ಮಾಡಿ, "ತೋರಿಸ್ರಿ ಅಂದಿದ್ರಿ, ಮೆಟ್ರಿಯವ್ರು ಅದಾರಂತಲ್ರಿ" ಅಂದರಂತೆ. ಮೇಡಂ "ಅದಾರ್ರಿ" ಅಂದು ಫೋನ್ ಇಟ್ಟರು. ಆ ವರ್ಷವೇ ಕ್ಲಾಸ್ ಮುಚ್ಚಿತು. ನಾನು ಬೇರೆ ಕಡೆ ಕೆಲಸ ಹಿಡಿದೆ, ಅವರು ದೋಣಿಮಲೈಯಲ್ಲಿ ತಂಗಿಯ ಮನೆ ಸೇರಿ ಮಕ್ಕಳಿಗೆ ಟ್ಯೂಷನ್ ಹೇಳಿದರು. ಸಾಮಾನು ಕಟ್ಟುವ ದಿನ ನಾನು ಸಿಟ್ಟಿನಿಂದಲೇ ಕೇಳಿದ್ದೆ, ಲೆಕ್ಕ ಸರಿ ಇದ್ದೂ ಸುಳ್ಳು ಯಾಕೆ ಹೇಳಿದಿರಿ ಅಂತ. ವೈರ್ ಸುತ್ತುತ್ತಾ ಹೇಳಿದರು:

"ಕಂಪ್ಯೂಟರಿನ ಮರ್ಯಾದಿ ಹೋದ್ರ ಅದೇನು ಊಟ ಬಿಡ್ತೈತೇನವಾ? ಆ ಹುಡುಗ ಬಿಟ್ಟಿದ್ದ."

ಅದನ್ನು ಯಾವಾಗ ಗಮನಿಸಿದರೋ ನನಗೆ ಗೊತ್ತಿಲ್ಲ. ನಾನಂತೂ ವಿರುಪಣ್ಣನ ಮುಖ ಅಷ್ಟು ಸರಿಯಾಗಿ ನೋಡಿರಲಿಲ್ಲ. ಒಂದು ಮಾತು ಮಾತ್ರ ಹೇಳಿಬಿಡುತ್ತೇನೆ, ಅವರನ್ನು ದೇವರು ಮಾಡಬೇಡಿ. ಆಮೇಲೆ ಎಷ್ಟೋ ದಿನ ಸಿಡಿಸಿಡಿ ಅನ್ನುತ್ತಿದ್ದರು. ಸೋತವರು ಸೋತವರೇ, ಬೇಕಂತ ಸೋತರೂ.

ಪ್ರೊಸೆಸರ್ ದೋಷಗಳು ಅಲ್ಲಿಗೆ ನಿಲ್ಲಲಿಲ್ಲ. ಈಚೆಗೆ ಇನ್ನೊಂದು ಬಗೆಯದು ಬಂತು. ನಾವು ಮುಂದೆ ಏನು ಕೇಳುತ್ತೇವೆ ಅಂತ ಚಿಪ್ಪೇ ಊಹಿಸಿ ಕೆಲಸ ಮಾಡಿಟ್ಟುಕೊಳ್ಳುತ್ತದಂತೆ, ಆ ಊಹೆಯ ಜಾಡು ಹಿಡಿದು ನಮ್ಮ ಗುಟ್ಟು ಕದಿಯಬಹುದಂತೆ. ಫೋನಿನಲ್ಲಿ ಅಪ್‌ಡೇಟ್ ಹಾಕಿಕೊಳ್ಳಿ ಅಂದರು, ನಾವೆಲ್ಲ ಹಾಕಿಕೊಂಡು ಮರೆತೆವು. ನನಗೆ ಫೋನ್ ಮಾಡಿದ್ದ ಮೇಡಂ ಮಾತ್ರ ಅದು ಹೇಗೆ ಊಹಿಸುತ್ತದೆ ಅಂತ ಅರ್ಧ ತಾಸು ಕೊರೆದಿದ್ದರು. ನಮ್ಮಂಥವರಿಗೆ ಇವೆಲ್ಲ ಎಷ್ಟು ಅಪಾಯ ಅಂತ ಕೇಳಿದೆ. "ಚಿಪ್ಪಿನ ತಪ್ಪು ಸಣ್ಣದವಾ. ಅಪ್‌ಡೇಟ್ ಹಾಕ್ಕೋ, ಮಕ್ಕೋ. ಅದು ತಪ್ಪೈತಿ ಅಂತ ಗೊತ್ತಾದ ಮ್ಯಾಲೆ ಮಂದಿ ಅದರ ತಲಿಗೆ ಕಟ್ಟಾಕ ಏನೇನು ತರ್ತಾರ ನೋಡು, ಅದು ದೊಡ್ಡದು" ಅಂದರು.

ಬ್ಯಾಂಕಿನಲ್ಲಿ ಸರ್ವರ್ ಡೌನ್, ಆಫೀಸಿನಲ್ಲಿ ಸಿಸ್ಟಮ್ ಮಿಸ್ಟೇಕ್ ಅಂತ ದಿನಾ ಕೇಳುತ್ತೇವೆ. ಅದರಲ್ಲಿ ಎಷ್ಟು ಮಷೀನಿನದು, ಎಷ್ಟು ಮನುಷ್ಯರದು, ದೇವರಿಗೇ ಗೊತ್ತು. ನಿಮ್ಮ ಕಡೆಯೂ ಯಾವುದೋ ಕಂಪ್ಯೂಟರ್, ತೂಕದ ಮಷೀನು, ಮೀಟರು ತನ್ನದಲ್ಲದ ತಪ್ಪು ಹೊತ್ತುಕೊಂಡು ಒಂದು ಮನೆ ಉಳಿಸಿರಬಹುದು. ಉಳಿಸುವ ಬದಲು ಒಡೆದಿರಲೂಬಹುದು. ಹೆಸರು ಬೇಡ, ಊರು ಹೇಳಿದರೆ ಸಾಕು. ಏನಾಯಿತು ಅಂತ ಕೆಳಗೆ ಬರೆಯಿರಿ, ಎಲ್ಲವನ್ನೂ ಓದುತ್ತೇನೆ.